ನೊಣ ಹೊಡೆಯುವವರ ಗಮನಕ್ಕೆ

1927ರಲ್ಲಿ ಚಾರ್ಲ್ಸ್ ಟೌನ್‌ಸೆಂಡ್ ಎಂಬ ಅಮೆರಿಕದ ಕೀಟಶಾಸ್ತ್ರಜ್ಞರು ನ್ಯೂಯಾರ್ಕಿನ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಜಿಂಕೆಯ ಮೂಗಿನ ಹೊಳ್ಳೆಯೊಳಕ್ಕೆ ಮರಿಹುಳುಗಳನ್ನು ಚಿಮ್ಮಿಸಿ ಹೋಗುವ ಒಂದು ಬಗೆಯ ನೊಣ ಸೆಕೆಂಡಿಗೆ 400 ಗಜ ಹಾರುತ್ತದೆ ಎನ್ನುವುದು ಅವರ ಅಂದಾಜು. ನ್ಯೂ ಮೆಕ್ಸಿಕೋದ ಬೆಟ್ಟಗಳ ನೆತ್ತಿಯಲ್ಲಿ ಅದು ತಮ್ಮನ್ನು ದಾಟಿ ಹೋದದ್ದನ್ನು ಅವರು ಕಂಡಿದ್ದರು. ಕಂಡಿದ್ದರು ಎಂದರೆ, ಕಂದು ಬಣ್ಣದ ಮಸುಕೊಂದು ಸರಿದಂತಾಗಿತ್ತು, ಅಷ್ಟೇ. ಸೆಕೆಂಡಿಗೆ 400 ಗಜವೆಂದರೆ ಗಂಟೆಗೆ 1,300 ಕಿಲೋಮೀಟರಿಗೂ ಮೇಲಾಯಿತು, ಶಬ್ದವನ್ನೇ ಹಿಂದೆ ಹಾಕುವ ವೇಗ. ಮನುಷ್ಯ ವಿಮಾನದಲ್ಲಿ ಕೂತು ಆ ಗೆರೆ ದಾಟಿದ್ದು ಇನ್ನೂ ಇಪ್ಪತ್ತು ವರ್ಷ ಕಳೆದ ಮೇಲೆ, 1947ರಲ್ಲಿ. ನೊಣವೊಂದು ನಮ್ಮನ್ನು ಅಷ್ಟು ಮೊದಲೇ ಸೋಲಿಸಿತ್ತು ಎನ್ನುವ ಸುದ್ದಿ ಯಾರಿಗೆ ಬೇಡ? ಪತ್ರಿಕೆಗಳು ಅದನ್ನು ಎತ್ತಿಕೊಂಡವು. ಹತ್ತು ವರ್ಷಕ್ಕೂ ಮೇಲೆ ಆ ಅಂಕಿ ಓಡಾಡಿಕೊಂಡಿತ್ತು.

ಅದರ ಬಾಲ ಹಿಡಿದು ಎಳೆದವರು ಕೀಟಶಾಸ್ತ್ರಜ್ಞರಲ್ಲ. ರಸಾಯನಶಾಸ್ತ್ರಕ್ಕೆ ನೊಬೆಲ್ ಪಡೆದಿದ್ದ ಇರ್ವಿಂಗ್ ಲ್ಯಾಂಗ್ಮ್ಯೂರ್ 1938ರಲ್ಲಿ ಪೆನ್ಸಿಲ್ ಹಿಡಿದು ಲೆಕ್ಕಕ್ಕೆ ಕೂತರು. ಆ ವೇಗದಲ್ಲಿ ಹಾರಿದರೆ ಎದುರು ಗಾಳಿಯ ಒತ್ತಡಕ್ಕೇ ನೊಣದ ತಲೆ ಅಪ್ಪಚ್ಚಿಯಾಗಬೇಕು. ಅಷ್ಟು ಶಕ್ತಿ ಹುಟ್ಟಿಸಲು ಅದು ಪ್ರತಿ ಸೆಕೆಂಡಿಗೆ ತನ್ನ ತೂಕದ ಒಂದೂವರೆ ಪಟ್ಟು ತಿನ್ನಬೇಕು. ಯಾರದಾದರೂ ಮೈಗೆ ಬಡಿದರೆ ಬಂದೂಕಿನ ಗುಂಡಿನಂತೆ ಒಳಗೆ ಹೊಗಬೇಕು. ಇಷ್ಟಕ್ಕೇ ನಿಲ್ಲದೆ ಅವರು ನೊಣದ ಗಾತ್ರದ ಬೆಸುಗೆ ಸೀಸದ ತುಂಡೊಂದನ್ನು ದಾರಕ್ಕೆ ಕಟ್ಟಿ ಗಿರಗಿರನೆ ತಿರುಗಿಸಿ ನೋಡಿದರು. ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಅದು ಮಸುಕಾಯಿತು, 40ರ ಹೊತ್ತಿಗೆ ಕಂಡೂ ಕಾಣದಂತಾಯಿತು, 100 ದಾಟಿದ ಮೇಲೆ ಕಾಣಲೇ ಇಲ್ಲ. ಹಾಗಾದರೆ ಟೌನ್‌ಸೆಂಡ್ ಕಂಡ ಮಸುಕಿನ ವೇಗ ಹೆಚ್ಚೆಂದರೆ ಗಂಟೆಗೆ 40 ಕಿಲೋಮೀಟರ್. ಒಂದು ದಾರ, ಒಂದು ಸೀಸದ ಚೂರು. ವಿಜ್ಞಾನದಲ್ಲಿ ಇದಕ್ಕಿಂತ ಅಗ್ಗದ ಖಂಡನೆ ನಾನು ಓದಿಲ್ಲ.

ನಮ್ಮ ಅಡುಗೆಮನೆಗೆ ಬರುವ ನೊಣದ ವೇಗವಂತೂ ಇನ್ನೂ ಕಡಿಮೆ, ಸೆಕೆಂಡಿಗೆ ಎರಡು ಮೀಟರಿನ ಆಸುಪಾಸು. ಬಿರಬಿರನೆ ನಡೆಯುವವರ ಜೊತೆಗೆ ಹೋಗಬಹುದಾದ ವೇಗ ಅದು. ಹೊಡೆಯಲು ಎತ್ತಿದ ಕೈ ಅದಕ್ಕಿಂತ ಜೋರಾಗಿಯೇ ಬೀಸುತ್ತದೆ. ಆದರೂ ಕೈ ಮೇಜಿಗೆ ಬಡಿಯುತ್ತದೆ, ನೊಣ ಎರಡಡಿ ಆಚೆ ಸಕ್ಕರೆ ಡಬ್ಬಿಯ ಮೇಲೆ ಕೂತು ಮುಂಗಾಲು ಉಜ್ಜುತ್ತಿರುತ್ತದೆ. ವೇಗದಲ್ಲಿ ನಾವೇ ಮುಂದಿದ್ದೂ ಸೋಲುವುದು ಯಾಕೆ? ಕಳೆದ ಮೂರು ದಶಕಗಳಲ್ಲಿ, ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾಗಳು ಬಂದ ಮೇಲೆ, ಇದಕ್ಕೆ ಸಿಕ್ಕಿರುವ ಉತ್ತರಗಳು ಒಂದಕ್ಕಿಂತ ಒಂದು ವಿಚಿತ್ರವಾಗಿವೆ. ಎಲ್ಲದರಲ್ಲೂ ನನಗೆ ಕಾಣುವ ಎಳೆ ಒಂದೇ. ನಾವು ಮಿದುಳಿನಿಂದ ಮಾಡಿಸುವ ಎಷ್ಟೋ ಕೆಲಸವನ್ನು ನೊಣ ತನ್ನ ಮೈಯ ಕಟ್ಟಡಕ್ಕೇ ಒಪ್ಪಿಸಿಬಿಟ್ಟಿದೆ. ಅಪ್ಪಣೆ ಮೇಲೆ ಹೋಗಿ ಕೆಳಗೆ ಬರುವಷ್ಟು ಹೊತ್ತು ಅದಕ್ಕೆ ಬೇಕಿಲ್ಲ.

ಕಣ್ಣಿನಿಂದಲೇ ಶುರುಮಾಡೋಣ. ನೊಣದ ತಲೆಯ ಬಹುಪಾಲು ಕಣ್ಣೇ. ಮನೆನೊಣದ ಒಂದೊಂದು ಕಣ್ಣಿನಲ್ಲೂ ಮೂರು ಸಾವಿರಕ್ಕೂ ಹೆಚ್ಚು ಪುಟ್ಟ ಮಸೂರಗಳಿವೆ. ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ಹಣ್ಣುನೊಣಕ್ಕೆ, ಅಂದರೆ ಡ್ರೊಸೊಫಿಲಾಕ್ಕೆ, ಏಳುನೂರೈವತ್ತರಷ್ಟು. ಇಷ್ಟೊಂದು ಮಸೂರಗಳಿದ್ದ ಮೇಲೆ ದೃಷ್ಟಿ ಬಲು ಚೂಪಾಗಿರಬೇಕು ಎಂದುಕೊಳ್ಳುವುದು ಸಹಜ. ಆದರೆ ನೊಣಕ್ಕೆ ಕಣ್ಣು ಮಂದ. ಒಂದು ಮಸೂರ ಒಂದು ಚುಕ್ಕಿಯನ್ನಷ್ಟೇ ಕಾಣಿಸುತ್ತದೆ, ಹಣ್ಣುನೊಣದಲ್ಲಿ ಆ ಚುಕ್ಕಿ ಸುಮಾರು ಐದು ಡಿಗ್ರಿ ಅಗಲ. ನೀವು ಕೈ ನೀಡಿ ಹೆಬ್ಬೆರಳೆತ್ತಿದರೆ ನಿಮ್ಮ ಕಣ್ಣಿಗೆ ಆ ಬೆರಳು ಎರಡು ಡಿಗ್ರಿಯಷ್ಟು ಅಗಲ ಕಾಣುತ್ತದೆ. ಉಗುರು, ಗೆರೆ, ಗಾಯದ ಕಲೆ ಎಲ್ಲವೂ ಅದರೊಳಗೆ ತೋರುತ್ತವೆ. ಹಣ್ಣುನೊಣದ ಪಾಲಿಗೆ ಅದು ಒಂದು ಚುಕ್ಕಿಯ ಅರ್ಧ ಕೂಡ ಅಲ್ಲ. ನಿಮ್ಮ ಮುಖದ ಕೋಪ ಅದಕ್ಕೆ ಕಾಣುವುದಿಲ್ಲ. ಮುಖವೇ ಕಾಣುವುದು ಅನುಮಾನ.

ಅದರ ಬಲ ಇರುವುದು ಕಾಲವನ್ನು ಕತ್ತರಿಸುವುದರಲ್ಲಿ. ಮಿಣುಕುವ ಬೆಳಕನ್ನು ಸೆಕೆಂಡಿಗೆ ಅರವತ್ತು ಸಲದಷ್ಟು ವೇಗದಲ್ಲಿ ಮಿಣುಕಿಸಿದರೆ ನಮಗೆ ಅದು ಎಡೆಬಿಡದ ಬೆಳಕು. ದೊಡ್ಡ ನೊಣಗಳ ಕಣ್ಣು ಇನ್ನೂರೈವತ್ತರ ತನಕವೂ ಮಿಣುಕನ್ನು ಬಿಡಿಬಿಡಿಯಾಗಿ ಹಿಡಿಯಬಲ್ಲದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ನಮ್ಮ ದೇಶದ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ನಾವು ಅದರಡಿ ಕೂತು ಪೇಪರ್ ಓದುತ್ತೇವೆ, ನೊಣಕ್ಕೆ ಅದೇ ಕೋಣೆಯಲ್ಲಿ ದೀಪ ಪಟಪಟನೆ ಹೊಡೆದುಕೊಳ್ಳುತ್ತಿರುತ್ತದೆ. ಬೀಸಿ ಬರುವ ನಮ್ಮ ಕೈ ಅದಕ್ಕೆ ನಿಧಾನಗತಿಯ ಸಿನಿಮಾ ಎಂದು ಎಲ್ಲರೂ ಬರೆಯುತ್ತಾರೆ. ನೊಣದ ಅನುಭವ ಹೇಗಿದೆಯೋ ಯಾರು ಹೊಕ್ಕು ನೋಡಿದ್ದಾರೆ? ಒಂದೇ ಹೊಡೆತದ ಬಗ್ಗೆ ಅದರ ಕಣ್ಣಿಗೆ ನಮ್ಮ ಕಣ್ಣಿಗಿಂತ ನಾಲ್ಕು ಪಟ್ಟು ಹೆಚ್ಚು ಸುದ್ದಿ ಸಿಗುತ್ತದೆ ಎನ್ನುವಷ್ಟು ಮಾತ್ರ ಖಾತ್ರಿಯಾಗಿ ಹೇಳಬಹುದು.

ಇಷ್ಟು ಚುರುಕು ಎಲ್ಲಿಂದ ಬಂತು? ಕೇಂಬ್ರಿಜ್‌ನ ರೋಜರ್ ಹಾರ್ಡಿ ಮತ್ತು ಕ್ರಿಸ್ಟಿಯನ್ ಫ್ರಾನ್ಜೆ 2012ರಲ್ಲಿ ಇದರ ಒಂದು ಗುಟ್ಟು ಬಿಡಿಸಿದರು. ನಮ್ಮ ಕಣ್ಣಿನಲ್ಲಿ ಬೆಳಕು ಬಿದ್ದಾಗ ರಾಸಾಯನಿಕಗಳ ಒಂದು ಸರಣಿ ನಡೆದು ಕೊನೆಗೆ ವಿದ್ಯುತ್ ಸಂಕೇತ ಹುಟ್ಟುತ್ತದೆ. ಹಣ್ಣುನೊಣದ ಕಣ್ಣಿನ ಕೋಶ ಬೆಳಕು ತಾಗುತ್ತಲೇ ನಿಜವಾಗಿ ಕುಗ್ಗುತ್ತದೆ, ಅಳತೆಗೆ ಸಿಗುವಷ್ಟು ಕುಗ್ಗುತ್ತದೆ. ಆ ಎಳೆತಕ್ಕೆ ಕೋಶದ ಪೊರೆಯಲ್ಲಿರುವ ಬಾಗಿಲುಗಳು ತೆರೆದುಕೊಳ್ಳುತ್ತವೆ. ರಾಸಾಯನಿಕ ಹರಿದು ಬರಲೆಂದು ಕಾಯುವುದಕ್ಕಿಂತ ಎಳೆದು ತೆರೆಯುವುದು ಬೇಗ. ನೋಡುವ ಕೆಲಸದಲ್ಲೂ ನೊಣ ಇಂಥ ಯಂತ್ರದ ದಾರಿ ಹಿಡಿದಿದೆ ಎನ್ನುವುದು, ನನ್ನ ಮಟ್ಟಿಗೆ, ಮಸೂರಗಳ ಸಂಖ್ಯೆಗಿಂತ ದೊಡ್ಡ ಬೆರಗು.

ಕಂಡ ಮೇಲೆ ಏನು ಮಾಡುತ್ತದೆ? ಕೈ ಹತ್ತಿರ ಬರುವವರೆಗೆ ಸುಮ್ಮನಿದ್ದು ಥಟ್ಟನೆ ಹಾರುತ್ತದೆ ಎಂದೇ ನಾವೆಲ್ಲ ತಿಳಿದಿದ್ದೆವು. ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ, ಕ್ಯಾಲ್‌ಟೆಕ್ ಎಂದರೆ ಬೇಗ ಗುರುತು ಸಿಗುತ್ತದೆ, ಗ್ವಿನೆತ್ ಕಾರ್ಡ್ ಮತ್ತು ಮೈಕೆಲ್ ಡಿಕಿನ್ಸನ್ 2008ರಲ್ಲಿ ತೋರಿಸಿಕೊಟ್ಟದ್ದು ಬೇರೆ. ಮೇಲಿನಿಂದ ಬೀಳುವ ಕಪ್ಪು ಬಿಲ್ಲೆಯೊಂದನ್ನು ಹಣ್ಣುನೊಣದ ಕಡೆಗೆ ಇಳಿಸುತ್ತ ಅವರು ಅದರ ಕಾಲುಗಳನ್ನು ಚಿತ್ರೀಕರಿಸಿದರು. ಹಾರುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮೊದಲೇ ನೊಣದ ತಯಾರಿ ಶುರುವಾಗಿರುತ್ತದೆ. ಅಪಾಯ ಎದುರಿನಿಂದ ಬಂದರೆ ನಡುಗಾಲುಗಳನ್ನು ಮುಂದಕ್ಕೆ ಸರಿಸಿ, ಮೈಯನ್ನು ಹಿಂದಕ್ಕೆ ವಾಲಿಸಿಕೊಳ್ಳುತ್ತದೆ. ಹಿಂದಿನಿಂದ ಬಂದರೆ ಅದೇ ಕಾಲುಗಳು ಹಿಂದಕ್ಕೆ. ಪಕ್ಕದಿಂದಾದರೆ ಕಾಲು ಕದಲಿಸದೆ ಮೈಯನ್ನಷ್ಟೇ ಆಚೆಗೆ ಒರಗಿಸುತ್ತದೆ. ಆಮೇಲೆ ನಡುಗಾಲುಗಳನ್ನು ಒದೆದು ಎಗರುತ್ತದೆ. ನೊಣದ ಹಾರಾಟ ರೆಕ್ಕೆಯಿಂದ ಶುರುವಾಗುವುದಿಲ್ಲ, ಒದೆತದಿಂದ ಶುರುವಾಗುತ್ತದೆ. ಆ ಒದೆತದ ದಿಕ್ಕನ್ನು ಅದು ಕೂತಲ್ಲೇ ತೀರ್ಮಾನಿಸಿಟ್ಟಿರುತ್ತದೆ. ಹಾರುವ ಮನಸ್ಸು ಬದಲಾದರೆ ವಾಲಿದ ಮೈಯನ್ನು ಹಾಗೇ ನೆಟ್ಟಗೆ ಮಾಡಿಕೊಂಡು ಕೂರುವುದೂ ಉಂಟು.

ಮನುಷ್ಯನಿಗೆ ಕಂಡದ್ದಕ್ಕೆ ಒಂದು ಗುಂಡಿ ಒತ್ತಲು ಬೇಕಾಗುವ ಸಮಯವೂ ಹೆಚ್ಚುಕಡಿಮೆ ಇದೇ 200 ಮಿಲಿಸೆಕೆಂಡ್. ನಾವು ಒಂದು ಬೆರಳು ಆಡಿಸುವ ಹೊತ್ತಿನಲ್ಲಿ ನೊಣ ನೋಡಿ, ದಿಕ್ಕು ಗೊತ್ತುಮಾಡಿ, ಕಾಲು ಹೊಂದಿಸಿ, ಹಾರಿಯೂ ಆಗಿರುತ್ತದೆ. ಅಪಾಯ ತೀರ ಜೋರಾಗಿ ಬಂದರೆ ಅದಕ್ಕೆ ಇನ್ನೊಂದು ಅಡ್ಡದಾರಿಯೂ ಇದೆ. ಮಿದುಳಿನಿಂದ ಎದೆಗೆ ಇಳಿಯುವ ಎರಡು ದಪ್ಪ ನರಗಳು, ದೈತ್ಯ ನರಗಳೆಂದೇ ಅವಕ್ಕೆ ಹೆಸರು. ಅವುಗಳಲ್ಲಿ ಒಂದೇ ಒಂದು ಮಿಡಿತ ಹರಿದರೆ ಸಾಕು, ನೊಣ ರೆಕ್ಕೆ ಎತ್ತುವುದನ್ನೂ ಬಿಟ್ಟು ಕೆಲವೇ ಮಿಲಿಸೆಕೆಂಡಿನಲ್ಲಿ ಒದೆದು ಎದ್ದುಬಿಡುತ್ತದೆ. ಹೀಗೆ ಎದ್ದ ನೊಣ ಗಾಳಿಯಲ್ಲಿ ಲಾಗ ಹೊಡೆಯುತ್ತ ಅಂಕೆಯಿಲ್ಲದೆ ಹೋಗುತ್ತದೆ. ಅಂದ ಕೆಟ್ಟರೂ ಜೀವ ಉಳಿಯುತ್ತದೆ.

ಇನ್ನು ರೆಕ್ಕೆ. ಮನೆನೊಣ ಸೆಕೆಂಡಿಗೆ ಇನ್ನೂರರಷ್ಟು ಸಲ ರೆಕ್ಕೆ ಬಡಿಯುತ್ತದೆ, ನಮ್ಮ ಕಿವಿಗೆ ಬೀಳುವ ಗುಂಯ್ ಅದೇ. ಫಿನ್ಲೆಂಡಿನ ಓಲಾವಿ ಸೋತವಾಲ್ತ ಎಂಬ ವಿಜ್ಞಾನಿಗೆ ಶುದ್ಧ ಶ್ರುತಿಜ್ಞಾನವಿತ್ತು. ಹಾರುವ ಹುಳುವಿನ ಸದ್ದು ಕೇಳಿಯೇ ಅದು ಯಾವ ಸ್ವರ, ಸೆಕೆಂಡಿಗೆ ಎಷ್ಟು ಬಡಿತ ಎಂದು ಹೇಳುತ್ತಿದ್ದರು. ನೊಣದ ದೂರದ ನೆಂಟನಾದ ಒಂದು ಕಿರಿಯ ಗುಂಗುರು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯುತ್ತದೆ ಎಂದು ಕಂಡುಕೊಂಡವರು ಅವರೇ. ಶರೀರಶಾಸ್ತ್ರ ಓದಿದವರಿಗೆ ಈ ಅಂಕಿ ತಲೆನೋವು ತರುತ್ತದೆ. ನರದ ಒಂದು ಮಿಡಿತಕ್ಕೆ ಸ್ನಾಯು ಒಂದು ಸಲ ಕುಗ್ಗುತ್ತದೆ, ಕುಗ್ಗಿದ ಸ್ನಾಯು ಸಡಿಲಲು ಅದರೊಳಗಿನ ಕ್ಯಾಲ್ಸಿಯಂ ಹಿಂದಕ್ಕೆ ಹೋಗಬೇಕು. ಇದೆಲ್ಲ ಒಂದು ಸೆಕೆಂಡಿಗೆ ಸಾವಿರ ಸಲ ಆಗುವ ಕೆಲಸವೇ ಅಲ್ಲ.

ನೊಣವೂ ಅದನ್ನು ಮಾಡುವುದಿಲ್ಲ. ಅದರ ಎದೆ ಒಂದು ಬಿರುಸು ಪೆಟ್ಟಿಗೆ. ಅದರೊಳಗೆ ಒಂದು ಜೊತೆ ಸ್ನಾಯು ಉದ್ದಕ್ಕೆ, ಇನ್ನೊಂದು ಜೊತೆ ಮೇಲಿಂದ ಕೆಳಕ್ಕೆ. ಈ ದೊಡ್ಡ ಸ್ನಾಯುಗಳು ರೆಕ್ಕೆಗೆ ಅಂಟಿಕೊಂಡೇ ಇಲ್ಲ, ಪೆಟ್ಟಿಗೆಯ ಗೋಡೆಗಳನ್ನು ಎಳೆಯುತ್ತವೆ, ಅಷ್ಟೇ. ಗೋಡೆ ಕದಲಿದಾಗ ಅದರ ಅಂಚಿಗೆ ಸಿಕ್ಕಿಸಿದ ರೆಕ್ಕೆ ಏಳುತ್ತದೆ ಅಥವಾ ಬೀಳುತ್ತದೆ. ಉದ್ದದ ಸ್ನಾಯು ಕುಗ್ಗಿದರೆ ಲಂಬ ಸ್ನಾಯು ಎಳೆತಕ್ಕೆ ಸಿಗುತ್ತದೆ, ಎಳೆಸಿಕೊಂಡದ್ದೇ ಅದಕ್ಕೆ ಕುಗ್ಗುವ ಸೂಚನೆ. ಅದು ಕುಗ್ಗಿ ಇದನ್ನು ಎಳೆಯುತ್ತದೆ. ಹೀಗೆ ಒಂದನ್ನೊಂದು ಎಬ್ಬಿಸುತ್ತ ಪೆಟ್ಟಿಗೆ ತಾನೇ ಮಿಡಿಯುತ್ತಿರುತ್ತದೆ. ನರಗಳ ಕೆಲಸ ಆಗೊಂದು ಈಗೊಂದು ಮಿಡಿತ ಕಳಿಸಿ ಸ್ನಾಯುಗಳನ್ನು ಎಚ್ಚರದಲ್ಲಿಡುವುದು. ದಿಕ್ಕು ತಿರುಗಿಸಲು ಬೇರೆಯೇ ಸಣ್ಣ ಸ್ನಾಯುಗಳಿವೆ, ಹಣ್ಣುನೊಣದಲ್ಲಿ ಒಂದೊಂದು ರೆಕ್ಕೆಯ ಬುಡಕ್ಕೂ ಒಂದು ಡಜನ್. ಅವು ರೆಕ್ಕೆಯ ಕೀಲನ್ನು ಕೂದಲೆಳೆಯಷ್ಟು ಬಿಗಿ ಸಡಿಲು ಮಾಡಿದರೂ ಹಾರಾಟದ ದಾರಿ ಬದಲಾಗುತ್ತದೆ. ಡಿಕಿನ್ಸನ್ ತಂಡದವರೇ 2014ರಲ್ಲಿ ತೋರಿಸಿದಂತೆ, ಹಾರುತ್ತಿರುವ ಹಣ್ಣುನೊಣಕ್ಕೆ ಎದುರಾಳಿ ಕಂಡರೆ ಸೆಕೆಂಡಿನ ನೂರನೇ ಒಂದು ಭಾಗದೊಳಗೆ, ಎಂದರೆ ಎರಡು ಸಲ ರೆಕ್ಕೆ ಬಡಿಯುವಷ್ಟರಲ್ಲಿ, ಮೈಯನ್ನು ಪಕ್ಕಕ್ಕೆ ಮಗುಚಿಕೊಂಡು ತಿರುಗಲು ಹತ್ತುತ್ತದೆ.

ಇಷ್ಟು ಬಡಬಡನೆ ಮಗುಚಿದರೆ ತಲೆ ತಿರುಗಿ ಬೀಳಬೇಕಲ್ಲ? ಬೀಳದಂತೆ ತಡೆಯುವ ಅಂಗವನ್ನು ಮನುಷ್ಯ ಗುರುತಿಸಿ ಮುನ್ನೂರು ವರ್ಷವಾಯಿತು. ಹಾರುವ ಇತರ ಕೀಟಗಳಲ್ಲಿ ಹೆಚ್ಚಿನವಕ್ಕೆ ನಾಲ್ಕು ರೆಕ್ಕೆ, ನೊಣ ಸೊಳ್ಳೆಗಳ ಬಳಗಕ್ಕೆ ಎರಡೇ. ಹಿಂದಿನ ಜೊತೆ ಕಾಲಾಂತರದಲ್ಲಿ ತುದಿಗೆ ಗುಂಡಿರುವ ಎರಡು ಗಿಡ್ಡ ಕಡ್ಡಿಗಳಾಗಿಬಿಟ್ಟಿದೆ, ಹಾಲ್ಟಿಯರ್ ಎಂದು ಅವುಗಳ ಹೆಸರು. ಇಂಗ್ಲೆಂಡಿನ ವಿಲಿಯಂ ಡರ್‌ಹ್ಯಾಮ್ ಎಂಬ ಪಾದ್ರಿ ಹದಿನೆಂಟನೇ ಶತಮಾನದ ಆರಂಭದಲ್ಲೇ ಇವನ್ನು ಕತ್ತರಿಸಿ ನೋಡಿದ್ದರು. ಒಂದು ಕಡ್ಡಿ ಹೋದರೆ ನೊಣ ಒಂದು ಪಕ್ಕಕ್ಕೆ ಭಾರವಾದಂತೆ ವಾಲಿ ಹಾರುತ್ತದೆ ಎಂದು ಬರೆದಿಟ್ಟರು. ಚರ್ಚಿನ ಗೋಪುರ ಹತ್ತಿ ದೂರದ ಕೋವಿಯ ಬೆಂಕಿಯ ಮಿಂಚು ನೋಡಿ, ಸದ್ದು ಬರುವವರೆಗೆ ಎಣಿಸಿ, ಶಬ್ದದ ವೇಗವನ್ನು ಆ ಕಾಲಕ್ಕೆ ಚೆನ್ನಾಗಿಯೇ ಅಳೆದವರೂ ಇದೇ ಪಾದ್ರಿ. ಆದಿತ್ಯವಾರದ ಪ್ರವಚನಕ್ಕೆ ಪುರುಸೊತ್ತು ಹೇಗೆ ಸಿಗುತ್ತಿತ್ತೋ!

ಕಡ್ಡಿಗಳ ಕೆಲಸ ತೂಕ ಸರಿದೂಗಿಸುವುದಲ್ಲ, ತಿರುವನ್ನು ಅಳೆಯುವುದು ಎಂದು 1948ರಲ್ಲಿ ಕೇಂಬ್ರಿಜ್‌ನ ಜಾನ್ ಪ್ರಿಂಗಲ್ ವಿವರಿಸಿದರು. ರೆಕ್ಕೆ ಮೇಲೆ ಹೋದಾಗ ಕಡ್ಡಿ ಕೆಳಕ್ಕೆ, ರೆಕ್ಕೆ ಕೆಳಗಿಳಿದಾಗ ಕಡ್ಡಿ ಮೇಲಕ್ಕೆ, ಅಷ್ಟೇ ವೇಗದಲ್ಲಿ ಬಡಿದುಕೊಳ್ಳುತ್ತವೆ. ಹೀಗೆ ಬಡಿಯುತ್ತಿರುವಾಗ ನೊಣದ ಮೈ ತಿರುಗಿದರೆ ಕಡ್ಡಿ ತನ್ನ ದಾರಿಯಿಂದ ಸ್ವಲ್ಪ ಆಚೀಚೆ ಎಳೆಯಲ್ಪಡುತ್ತದೆ, ಬುಡದಲ್ಲಿರುವ ಸೂಕ್ಷ್ಮ ಗುಮ್ಮಟಗಳು ಆ ಎಳೆತವನ್ನು ಅಳೆದು ರೆಕ್ಕೆಯ ಸ್ನಾಯುಗಳಿಗೆ ನೇರ ತಿಳಿಸುತ್ತವೆ. ಈಗ ನಿಮ್ಮ ಮೊಬೈಲ್ ಫೋನನ್ನು ಅಡ್ಡ ಮಾಡಿದರೆ ಪರದೆ ತಾನೂ ಅಡ್ಡವಾಗುವುದರಲ್ಲಿ ಕೈಯಾಡಿಸುವ ಜೈರೋಸ್ಕೋಪ್ ಚಿಪ್ಪಿನೊಳಗೂ ಕಂಪಿಸುವ ತುಣುಕೊಂದು ಇದೇ ತತ್ವದಿಂದ ಕೆಲಸ ಮಾಡುತ್ತದೆ. ಕಣ್ಣು ಎಷ್ಟೇ ಚುರುಕಾಗಿದ್ದರೂ ಈ ಕಡ್ಡಿಯಷ್ಟು ಬೇಗ ಸುದ್ದಿ ಮುಟ್ಟಿಸದು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಸೆಕೆಂಡಿಗೆ ನೂರು ಇನ್ನೂರು ಬಡಿತದ ನಡುವೆ ರೆಕ್ಕೆಗೂ ಕಡ್ಡಿಗೂ ತಾಳ ತಪ್ಪುವುದಿಲ್ಲವೇಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಬೆಂಗಳೂರಿನಲ್ಲಿ. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ, ಎನ್‌ಸಿಬಿಎಸ್, ಅಲ್ಲಿ ಸಂಜಯ್ ಸಾನೆ ಅವರ ಪ್ರಯೋಗಾಲಯವಿದೆ. ಹಸಿಕಸ ಕರಗಿಸಲು ಈಗ ಅಲ್ಲಲ್ಲಿ ಸಾಕುತ್ತಿರುವ ಬ್ಲ್ಯಾಕ್ ಸೋಲ್ಜರ್ ನೊಣವನ್ನು ಇಟ್ಟುಕೊಂಡು ತನ್ವಿ ದೇವರಾ, ಅಮಿತ್ ಕುಮಾರ್ ಸಿಂಗ್ ಮತ್ತು ಸಾನೆ 2015ರಲ್ಲಿ ಪ್ರಕಟಿಸಿದ ಕೆಲಸವದು. ಆಗತಾನೆ ಸತ್ತ ನೊಣದ ಒಂದು ರೆಕ್ಕೆಯನ್ನು ಎತ್ತಿ ಇಳಿಸಿದರೆ ಇನ್ನೊಂದು ರೆಕ್ಕೆಯೂ ಏಳುತ್ತದೆ, ಕಡ್ಡಿಗಳು ಸರಿಯಾಗಿ ಎದುರು ತಾಳದಲ್ಲಿ ಆಡುತ್ತವೆ. ಜೀವವೇ ಇಲ್ಲದ ಮೇಲೆ ಮಿದುಳೆಲ್ಲಿ, ನರವೆಲ್ಲಿ? ಎದೆಯ ಚಿಪ್ಪಿನಲ್ಲಿರುವ ಒಂದು ಏಣು ರೆಕ್ಕೆಯನ್ನೂ ಕಡ್ಡಿಯನ್ನೂ ಜೋಡಿಸಿದೆ, ಬೆನ್ನ ಮೇಲಿನ ಇನ್ನೊಂದು ಪಟ್ಟಿ ಎರಡು ರೆಕ್ಕೆಗಳ ಮೇಲೆ ನೊಗದಂತೆ ಕೂತಿದೆ. ಏಣನ್ನು ಕುಯ್ದಾಗ ಕಡ್ಡಿಗಳು ತಮ್ಮ ಪಾಡಿಗೆ ಬೇರೆ ವೇಗದಲ್ಲಿ ಬಡಿಯತೊಡಗಿದವು. ಪಟ್ಟಿಯನ್ನು ಕುಯ್ದಾಗ ಒಂದು ರೆಕ್ಕೆ ಇನ್ನೊಂದರ ಮಾತು ಕೇಳಲಿಲ್ಲ. ಇಷ್ಟು ಬಿಗಿಯಾಗಿ ಕಟ್ಟಿಹಾಕಿದರೆ ತಿರುಗುವುದು ಹೇಗೆ ಎಂದರೆ, ಪ್ರತಿ ರೆಕ್ಕೆಯ ಬುಡದಲ್ಲೂ ಒಂದು ಕ್ಲಚ್ ಇದೆ. ಬೇಕೆಂದಾಗ ಒಂದು ರೆಕ್ಕೆಯನ್ನು ಯಂತ್ರದಿಂದ ಬಿಡಿಸಿಕೊಳ್ಳಬಹುದು. ಕ್ಲಚ್ ಎನ್ನುವ ಹೆಸರು ನನ್ನ ಅಲಂಕಾರವಲ್ಲ, ವಿಜ್ಞಾನಿಗಳದೇ.

ಸಾನೆ ಅವರ ಹೆಸರು ಇನ್ನೊಂದು ಹಳೆಯ ಒಗಟಿನ ಜೊತೆಗೂ ಸೇರಿಕೊಂಡಿದೆ: ನೊಣ ಸೂರಿನ ಮೇಲೆ ತಲೆಕೆಳಗಾಗಿ ಇಳಿಯುವುದು ಹೇಗೆ? ಕೂತ ಮೇಲಿನ ಕಥೆ ಗೊತ್ತಿರುವುದೇ. ಕಾಲ ತುದಿಯಲ್ಲಿ ಎರಡು ಉಗುರು, ಎರಡು ಮೆತ್ತೆ, ಮೆತ್ತೆಯ ತುಂಬ ಸೂಕ್ಷ್ಮ ರೋಮ, ರೋಮದ ತುದಿಯಲ್ಲಿ ಅಂಟು ಜಿನುಗು. ರಾಬರ್ಟ್ ಹುಕ್ 1665ರಲ್ಲೇ ಸೂಕ್ಷ್ಮದರ್ಶಕದಲ್ಲಿ ನೊಣದ ಪಾದ ನೋಡಿ ಚಿತ್ರ ಬರೆದಿದ್ದರು. ಆದರೆ ನೆಟ್ಟಗೆ ಹಾರುತ್ತಿದ್ದದ್ದು ಮೇಲಿನ ಹಲಗೆಗೆ ಕಾಲು ಮೇಲಾಗಿ ಮುಟ್ಟುವ ಆ ಗಳಿಗೆ? ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬೋ ಚೆಂಗ್ ತಂಡ ಮತ್ತು ಸಾನೆ ಸೇರಿ 2019ರಲ್ಲಿ ನೀಲಿ ಹೊಳಪಿನ ದಪ್ಪ ನೊಣಗಳನ್ನು ಚಿತ್ರೀಕರಿಸಿದರು. ನೊಣ ಮೇಲಕ್ಕೆ ನುಗ್ಗುತ್ತದೆ, ಹತ್ತಿರವಾಗುತ್ತಲೇ ಮೈಯನ್ನು ಗರ್ರನೆ ಮಗುಚುತ್ತದೆ, ಮುಂಗಾಲು ಚಾಚಿ ಸೂರು ಹಿಡಿಯುತ್ತದೆ, ಹಿಡಿದ ಕಾಲನ್ನೇ ಊರಿಕೊಂಡು ಉಳಿದ ಮೈಯನ್ನು ಬೀಸಿ ಮೇಲಕ್ಕೆ ಹಾಕಿಕೊಳ್ಳುತ್ತದೆ. ಮಗುಚುವುದನ್ನಷ್ಟೇ ಕಣ್ಣು ಮತ್ತು ನರ ನೋಡಿಕೊಳ್ಳುತ್ತವೆ, ಕೊನೆಯ ಬೀಸು ಪೂರ್ತಿ ಕಾಲಿನ ಬಿಗುವಿನದು. ಪ್ರತಿ ಸಲವೂ ಇದು ನಯವಾಗಿ ಆಗುತ್ತದೆಂದಲ್ಲ. ಮಗುಚುವುದು ಕಡಿಮೆಯಾದರೆ ತಲೆ ಹೋಗಿ ಸೂರಿಗೆ ಬಡಿಯುತ್ತದೆ. ನೊಣಕ್ಕೂ ಹೀಗಾಗುತ್ತದೆ ಎಂದು ತಿಳಿದು ನನಗೆ ಸಣ್ಣ ಸಮಾಧಾನವಾಯಿತು.

ಅದೇ ಪಾದಕ್ಕೆ ರುಚಿಯೂ ಗೊತ್ತು. ಹಸಿದ ನೊಣದ ಮುಂಗಾಲನ್ನು ಸಕ್ಕರೆ ನೀರಿಗೆ ಮುಟ್ಟಿಸಿದರೆ, ಬಾಯಿ ಇನ್ನೂ ದೂರವಿರುವಾಗಲೇ ಸೊಂಡಿಲು ಕೆಳಗೆ ಇಳಿಯುತ್ತದೆ. ಅದು ಕಾಲು ಉಜ್ಜುವುದು ದುರಾಸೆಯಿಂದಲ್ಲ, ಅಂಟಿದ ಕೊಳೆ ತೆಗೆದು ರೋಮಗಳನ್ನು ಚುರುಕಾಗಿಡಲು. ಹಣ್ಣುನೊಣದ ರುಚಿ ಮತ್ತು ವಾಸನೆಯ ತಳಿಶಾಸ್ತ್ರವನ್ನು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿದವರು ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರಾಡ್ರಿಗ್ಸ್. ಆ ಸಿದ್ದಿಕಿಯವರೇ ಮುಂದೆ ಬೆಂಗಳೂರಿನ ಎನ್‌ಸಿಬಿಎಸ್‌ಗೆ ಅಡಿಪಾಯ ಹಾಕಿದ್ದು.

ಮೈಯೇ ಲೆಕ್ಕ ಮಾಡುವುದಕ್ಕೆ ಇನ್ನೂ ಸೊಗಸಾದ ಉದಾಹರಣೆ ಬೇಕೆಂದರೆ ಅಮೆರಿಕದ ಓರ್ಮಿಯ ನೊಣದ ಕಿವಿ ನೋಡಬೇಕು. ರಾಮನಗರ, ಕೋಲಾರದ ಕಡೆಯ ರೇಷ್ಮೆ ಬೆಳೆಗಾರರಿಗೆ ಇದರ ಕುಲದ ಪರಿಚಯ ಚೆನ್ನಾಗಿಯೇ ಇದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟು, ಹುಳುಮನೆಗೆ ಬಲೆ ಕಟ್ಟಿಸಿದ ಊಜಿ ನೊಣವೂ ಇದೇ ಕುಟುಂಬದ್ದು. ಊಜಿ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಓರ್ಮಿಯ ಹುಡುಕುವುದು ರಾತ್ರಿ ಚಿರ್ ಚಿರ್ ಎನ್ನುವ ಗಂಡು ಚಿಮ್ಮಂಡೆಯನ್ನು, ಅದೂ ಕತ್ತಲಲ್ಲಿ, ಬರೀ ಸದ್ದು ಹಿಡಿದು. ಸದ್ದು ಯಾವ ಕಡೆಯಿಂದ ಬಂತೆಂದು ನಮಗೆ ತಿಳಿಯುವುದು ಎರಡು ಕಿವಿಗಳ ನಡುವೆ ಗೇಣು ದೂರ ಇರುವುದರಿಂದ. ಒಂದು ಕಿವಿಗೆ ಸದ್ದು ತುಸು ಮೊದಲು ಮುಟ್ಟುತ್ತದೆ. ಓರ್ಮಿಯದ ಎರಡು ಕಿವಿತಮಟೆಗಳ ನಡುವಿನ ಅಂತರ ಅರ್ಧ ಮಿಲಿಮೀಟರ್. ಸದ್ದು ಒಂದಕ್ಕೆ ತಾಗಿ ಇನ್ನೊಂದನ್ನು ಮುಟ್ಟಲು ಹಿಡಿಯುವುದು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದೂವರೆ ಭಾಗ. ಅಷ್ಟು ಸಣ್ಣ ವ್ಯತ್ಯಾಸವನ್ನು ನೇರವಾಗಿ ಗುರುತಿಸುವುದು ನರಗಳಿಗೆ ತೀರ ಕಷ್ಟ. ಆದರೂ ಅದು ಎರಡು ಡಿಗ್ರಿ ತಪ್ಪದಂತೆ ದಿಕ್ಕು ಹಿಡಿಯುತ್ತದೆ.

1990ರ ದಶಕದಲ್ಲಿ ರೊನಾಲ್ಡ್ ಮೈಲ್ಸ್, ಡೇನಿಯಲ್ ರಾಬರ್ಟ್ ಮತ್ತು ರೊನಾಲ್ಡ್ ಹಾಯ್ ಇದರ ಮರ್ಮ ಹಿಡಿದರು. ಎರಡು ತಮಟೆಗಳ ನಡುವೆ ಚಿಪ್ಪಿನ ಒಂದು ಸೇತುವೆ ಇದೆ. ಒಂದು ಪಕ್ಕ ಮೊದಲು ತಗ್ಗಿದರೆ ಸೇತುವೆ ಇನ್ನೊಂದು ಪಕ್ಕವನ್ನು ತಡೆದು ಹಿಡಿಯುತ್ತದೆ. ಸುಮಾರು ಒಂದೂವರೆ ಮೈಕ್ರೊಸೆಕೆಂಡಿನ ಅಂತರ ಈ ಎಳೆದಾಟದಲ್ಲೇ ಐವತ್ತಕ್ಕೆ ಹಿಗ್ಗುತ್ತದೆ, ಅಷ್ಟಾದ ಮೇಲೆ ನರಗಳಿಗೆ ಕೆಲಸ ಸುಲಭ. ಇದನ್ನು ಅನುಕರಿಸಿ ಶ್ರವಣಸಾಧನಗಳಿಗಾಗಿ ಪುಟ್ಟ ಮೈಕ್ರೊಫೋನುಗಳನ್ನು ಮಾಡುವ ಪ್ರಯತ್ನ ನಡೆದಿದೆ. ಹವಾಯಿ ದ್ವೀಪಗಳಲ್ಲಿ ಈ ನೊಣದ ಕಿವಿಗೆ ಚಿಮ್ಮಂಡೆಗಳೂ ತಮ್ಮದೇ ಉತ್ತರ ಕೊಟ್ಟಿವೆ. ಕವಾಯಿ ದ್ವೀಪದಲ್ಲಿ ಇಪ್ಪತ್ತು ತಲೆಮಾರ ಆಸುಪಾಸಿನಲ್ಲೇ ಗಂಡುಗಳಲ್ಲಿ ಬಹುಪಾಲು ರೆಕ್ಕೆಯ ಗರಗಸ ಕಳೆದುಕೊಂಡು ಮೂಕವಾದವು ಎಂದು ಮಾರ್ಲೀನ್ ಜುಕ್ ತಂಡ 2006ರಲ್ಲಿ ವರದಿ ಮಾಡಿತು. ಹಾಡಿದರೆ ಹೆಣ್ಣೂ ಬರುತ್ತದೆ, ನೊಣವೂ ಬರುತ್ತದೆ. ಹಾಡದೆ ಇದ್ದು, ಇನ್ನೂ ಹಾಡುತ್ತಿರುವ ಒಬ್ಬನ ಪಕ್ಕದಲ್ಲಿ ಹೋಗಿ ಕೂರುವುದು ಅವು ಕಂಡುಕೊಂಡ ಉಪಾಯ.

ಹಾಗಾದರೆ ನೊಣಕ್ಕೆ ಮಿದುಳೇ ಬೇಡವೆ? ಬೇಕು, ಇದೆ. ಹಣ್ಣುನೊಣದ ಮಿದುಳಿನ ಪೂರ್ಣ ನಕ್ಷೆ 2024ರಲ್ಲಿ ಪ್ರಕಟವಾಯಿತು: 1,39,255 ನರಕೋಶಗಳು, ಅವುಗಳ ನಡುವೆ ಐದು ಕೋಟಿ ಕೊಂಡಿಗಳು. ನಮ್ಮದರಲ್ಲಿ 8,600 ಕೋಟಿ ನರಕೋಶಗಳಿವೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಆ ಮಿದುಳು ದೊಡ್ಡ ಪ್ರಯಾಣಗಳನ್ನೂ ನಡೆಸುತ್ತದೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಒಣ ಕೆರೆಯಂಗಳದಲ್ಲಿ ಬಿಟ್ಟ ಹಣ್ಣುನೊಣಗಳು ಕಿಲೋಮೀಟರ್ ದೂರದ ಬಲೆಗಳನ್ನು ಹದಿನಾರು ನಿಮಿಷದಲ್ಲೇ ಮುಟ್ಟಿದವು. ಒಂದೇ ಹಾರಾಟದಲ್ಲಿ ಅವು 12ರಿಂದ 15 ಕಿಲೋಮೀಟರ್ ಹೋಗಬಲ್ಲವು ಎಂದು 2021ರ ಲೆಕ್ಕ. ಎರಡೂವರೆ ಮಿಲಿಮೀಟರ್ ಮೈಯ ಜೀವಿ ಒಂದು ಹನಿ ಸಕ್ಕರೆಯಷ್ಟು ಇಂಧನದಲ್ಲಿ ಮಾಡುವ ಪಯಣವಿದು. ದಿಕ್ಕು ನೋಡುವುದು, ಗಾಳಿ ನೋಡುವುದು, ನಿಲ್ಲುವುದೋ ಹೋಗುವುದೋ ಎಂದು ತೀರ್ಮಾನಿಸುವುದು, ಇವಕ್ಕೆಲ್ಲ ಮಿದುಳು ಬಿಡುವಾಗಿರುತ್ತದೆ. ರೆಕ್ಕೆ ಬಡಿಯುವ ಕೂಲಿ ಕೆಲಸ ಅದರ ತಲೆಗೆ ಬಂದಿಲ್ಲವಲ್ಲ.

ಈಗ ಹೊಡೆಯುವ ವಿಚಾರ. 1900ರಲ್ಲಿ ಅಮೆರಿಕದ ರಾಬರ್ಟ್ ಮಾಂಟ್ಗೊಮೆರಿ ಎಂಬುವರು ತಂತಿಬಲೆಯ ನೊಣಬಡಿಗೆಗೆ ಪೇಟೆಂಟ್ ಪಡೆದರು. ಬಲೆ ಯಾಕೆಂದರೆ ತೂತಿನಲ್ಲಿ ಗಾಳಿ ನುಸುಳಿ ಹೋಗುತ್ತದೆ, ಬಡಿಗೆ ಬಳುಕಿ ಬೀಸುತ್ತದೆ. ಮಡಚಿದ ದಿನಪತ್ರಿಕೆ ಗಾಳಿಯನ್ನು ತಳ್ಳಿಕೊಂಡು ಬರುತ್ತದೆ, ಆ ತಳ್ಳಾಟ ನೊಣದ ಮೀಸೆಗೆ ಮೊದಲೇ ತಾಗುತ್ತದೆ. ಎರಡನೆಯದು, ಗುರಿ. ನಾವು ನೊಣ ಕೂತಿರುವ ಜಾಗಕ್ಕೆ ಹೊಡೆಯುತ್ತೇವೆ, ನೊಣ ಅಷ್ಟರಲ್ಲಿ ಆ ಜಾಗ ಬಿಟ್ಟಿರುತ್ತದೆ. ಆದರೆ ಯಾವ ಕಡೆಗೆ ಬಿಡುತ್ತದೆ ಎನ್ನುವುದು 2008ರಿಂದ ಗೊತ್ತಿದೆ: ಕೈ ಬಂದ ದಿಕ್ಕಿಗೆ ಎದುರು ದಿಕ್ಕಿಗೆ. ಆದ್ದರಿಂದ ಅದರ ಮುಖದ ಕಡೆಯಿಂದ ಹೊಡೆಯುವುದಾದರೆ ಬಡಿಗೆ ಅದರ ಬೆನ್ನ ಹಿಂದೆ ಒಂದಿಷ್ಟು ದೂರಕ್ಕೆ ಬೀಳುವ ಹಾಗೆ ಬೀಸಿ. ಡಿಕಿನ್ಸನ್ ಅವರ ಸಲಹೆಯೂ ಇದೇ. ಸೂರಿನ ಮೇಲಿನ ನೊಣಕ್ಕೆ ಇದು ಹೇಗೆ ಅನ್ವಯಿಸುತ್ತದೆಂದು ಕೇಳಬೇಡಿ. ಕುರ್ಚಿ ಹತ್ತಿ ಹೊಡೆಯಲು ಹೋಗಿ ಬೀಳುವವರಿಗೆ ಹಾಲ್ಟಿಯರ್ ಇರುವುದಿಲ್ಲ.